ಗಾಳದ ಕೋಲಿನ ಎಪಾಕ್ಸಿ: ಅಳೆಯುವುದು, ಕಲಸುವುದು

ಗೈಡ್‌ಗಳನ್ನು (ಗಾಳದ ನೂಲು ಹಾಯುವ ಉಂಗುರಗಳನ್ನು) ಕೂರಿಸಿ, ಅವುಗಳ ಕಾಲಿನ ಮೇಲೆ ದಾರ ಸುತ್ತಿ ಮುಗಿಸಿದ ಮೇಲೆ ಆ ದಾರವನ್ನು ಕೋಲಿಗೆ ಬಿಗಿಯಾಗಿ ಹಿಡಿದಿಡುವುದು ಎಪಾಕ್ಸಿ ಲೇಪ. ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಎಂಬ ಎರಡು ದ್ರವಗಳನ್ನು ಅಳೆದು ಕಲಸಿದರೆ ಅದು ಸಿದ್ಧ. ಸುತ್ತು ಅಚ್ಚುಕಟ್ಟಾಗಿ ಬರಲು ತಿಂಗಳುಗಟ್ಟಲೆ ಕೈ ಪಳಗಿಸುವವರು ಎಪಾಕ್ಸಿ ಅಳೆಯಲು ಎರಡು ನಿಮಿಷ ಕೊಡುವುದಿಲ್ಲ. ಲೇಪ ಅಂಟಂಟಾಗಿಯೇ ಉಳಿದ ಕೋಲುಗಳಲ್ಲಿ ಹೆಚ್ಚಿನವು ಕೆಡುವುದು ಬ್ರಷ್ ತಾಗುವ ಮೊದಲೇ, ಅಳೆಯುವ ಸಿರಿಂಜಿನಲ್ಲೇ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಫೈಬರ್‌ಗ್ಲಾಸ್ ಕೆಲಸದವರು ಬಳಸುವ ಪಾಲಿಯೆಸ್ಟರ್ ರೆಸಿನ್‌ಗೆ ನೂರಕ್ಕೆ ಒಂದೆರಡು ಪಾಲು ವೇಗವರ್ಧಕ ಸೇರಿಸುತ್ತಾರೆ. ಅಲ್ಲಿ ತುಸು ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಯ ಲೆಕ್ಕ ಹಾಗಲ್ಲ. ಇಲ್ಲಿ ಹಾರ್ಡ್ನರ್ ಕೂಡ ಲೇಪದ ಒಂದು ಭಾಗ. ರೆಸಿನ್‌ನಲ್ಲಿರುವ ಒಂದೊಂದು ಎಪಾಕ್ಸೈಡ್ ಕೊಂಡಿಗೂ ಹಾರ್ಡ್ನರ್‌ನ ಅಮೈನ್‌ ಎಂಬ ರಾಸಾಯನಿಕದಿಂದ ಒಂದೊಂದು ಹೈಡ್ರೋಜನ್ ಬೇಕು. ಹಾರ್ಡ್ನರ್ ಹೆಚ್ಚಾದರೆ ಜೋಡಿ ಸಿಗದ ಅಮೈನ್ ಒಳಗೇ ಉಳಿದು ಲೇಪ ಮೆತ್ತಗಾಗುತ್ತದೆ. ಕಡಿಮೆಯಾದರೆ ರೆಸಿನ್ ಉಳಿದು ಅಂಟುತ್ತದೆ. "ಬೇಗ ಒಣಗಲಿ, ಇನ್ನೆರಡು ಹನಿ ಹಾಕೋಣ" ಎನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಗಾಳದ ಕೋಲಿಗೆಂದೇ ಮಾರುವ ಎಪಾಕ್ಸಿಗಳಲ್ಲಿ ಹೆಚ್ಚಿನವು 1:1, ಅದೂ ಗಾತ್ರದಲ್ಲಿ, ಅಂದರೆ ಮಿಲಿಲೀಟರ್ ಲೆಕ್ಕದಲ್ಲಿ. ತಕ್ಕಡಿಯಲ್ಲಿ ಎರಡನ್ನೂ ಸಮ ತೂಗಿದರೆ ಅಳತೆ ತಪ್ಪುತ್ತದೆ, ಏಕೆಂದರೆ ರೆಸಿನ್ ಭಾರ, ಹಾರ್ಡ್ನರ್ ಹಗುರ. ಉದಾಹರಣೆಗೆ ರೆಸಿನ್ ಮಿಲಿಗೆ 1.15 ಗ್ರಾಂ, ಹಾರ್ಡ್ನರ್ 0.97 ಗ್ರಾಂ ಎಂದುಕೊಳ್ಳಿ. 3 ಮಿಲಿ ರೆಸಿನ್ 3.45 ಗ್ರಾಂ ತೂಗುತ್ತದೆ. ಅಷ್ಟೇ ತೂಕದ ಹಾರ್ಡ್ನರ್ ಹಾಕಿದರೆ ಅದು ಸುಮಾರು 3.56 ಮಿಲಿ, ಬೇಕಾದ್ದಕ್ಕಿಂತ ಶೇ. 18ಕ್ಕೂ ಹೆಚ್ಚು. ತೂಗಿಯೇ ಮಾಡುವುದಾದರೆ ತಯಾರಕರು ಕೊಟ್ಟ ತೂಕದ ಅನುಪಾತವನ್ನೇ ಹಿಡಿಯಬೇಕು.

ಇನ್ನು ಎಷ್ಟು ಕಲಸಬೇಕು? ಒಂದು ಗೈಡ್‌ಗೆ ಅರ್ಧ ಮಿಲಿಯೂ ಬೇಡ. ಆದರೂ 3 ಮಿಲಿ ರೆಸಿನ್, 3 ಮಿಲಿ ಹಾರ್ಡ್ನರ್‌ಗಿಂತ ಕಡಿಮೆ ಕಲಸಬೇಡಿ. ಕಣ್ಣು, ಕೈ ಎಷ್ಟೇ ಚುರುಕಾಗಿದ್ದರೂ ಸಿರಿಂಜಿನಲ್ಲಿ 0.1 ಮಿಲಿಯಷ್ಟು ಆಚೀಚೆ ಆಗುವುದು ಸಹಜ. 1 ಮಿಲಿಯಲ್ಲಿ ಅದು ಶೇ. 10ರ ತಪ್ಪು, 3 ಮಿಲಿಯಲ್ಲಿ ಶೇ. 3ರ ಆಸುಪಾಸು. ಉಳಿದದ್ದು ದಂಡ ಅನ್ನಿಸಬಹುದು. ಆದರೆ ಗಟ್ಟಿಯಾಗದ ಲೇಪವನ್ನು ದಾರದ ಸಮೇತ ಕೆರೆದು ತೆಗೆಯುವ ಕೆಲಸದ ಮುಂದೆ ಆ ಖರ್ಚು ಏನೂ ಅಲ್ಲ.

ಸಿರಿಂಜು ಆರಿಸುವಾಗ ಎಚ್ಚರ. ಮೆಡಿಕಲ್ ಶಾಪಿನಲ್ಲಿ ಸಿಗುವ ಇಂಜೆಕ್ಷನ್ ಸಿರಿಂಜಿನ ಪ್ಲಂಜರ್ ತುದಿಗೆ ಕಪ್ಪು ರಬ್ಬರ್ ಇರುತ್ತದೆ. ಅದು ಸಲೀಸಾಗಿ ಜಾರಲೆಂದು ಒಳಗೆ ಸಿಲಿಕೋನ್ ಎಣ್ಣೆ ಸವರಿರುತ್ತಾರೆ. ಆ ಎಣ್ಣೆಯ ಒಂದು ಕಣ ಎಪಾಕ್ಸಿಗೆ ಸೇರಿದರೂ ಸಾಕು, ಜಿಡ್ಡು ತಟ್ಟೆಯ ಮೇಲೆ ನೀರು ನಿಲ್ಲದೆ ಸರಿಯುವಂತೆ ಲೇಪ ಅಲ್ಲಲ್ಲಿ ಗುಂಡಗೆ ಹಿಂಜರಿದು ಕುಳಿ ಬೀಳುತ್ತದೆ. ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಸಿರಿಂಜು ಬೇಕು. ರೆಸಿನ್‌ಗೆ ಒಂದು, ಹಾರ್ಡ್ನರ್‌ಗೆ ಇನ್ನೊಂದು. ಎರಡಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿ, ಮುಚ್ಚಳಕ್ಕೂ ಅದೇ ಬಣ್ಣ ಅಂಟಿಸಿ. ಒಮ್ಮೆ ಅದಲುಬದಲಾದರೆ ಬಾಟಲಿಯೂ ಹಾಳು.

ರೆಸಿನ್ ಒಂದೆಳೆ ಪಾಕದಂತೆ ಮಂದ. ಜೋರಾಗಿ ಎಳೆದರೆ ಗಾಳಿಯೂ ಒಳಗೆ ಬರುತ್ತದೆ, ಆ ಗಾಳಿಯೂ ಅಳತೆಯಲ್ಲಿ ಸೇರಿಬಿಡುತ್ತದೆ. ನಿಧಾನವಾಗಿ 4 ಮಿಲಿವರೆಗೆ ಎಳೆದು, ಮೂತಿ ಮೇಲೆ ಮಾಡಿ ಒಂದೆರಡು ನಿಮಿಷ ನಿಲ್ಲಿಸಿ. ಗುಳ್ಳೆ ಮೇಲೇರಿದ ಮೇಲೆ ಅದನ್ನು ಹೊರದಬ್ಬಿ, ಮೂತಿ ಒರೆಸಿ, ಪ್ಲಂಜರಿನ ಮುಂದಿನ ಅಂಚು ಗೆರೆಯ ಮೇಲೆ ಬರುವಂತೆ ಮಾಡಿಕೊಂಡು ಅಲ್ಲಿಂದ 3 ಮಿಲಿ ಕಪ್ಪಿಗೆ ಬಿಡಿ. ಸಿರಿಂಜನ್ನು ಪೂರ್ತಿ ಖಾಲಿ ಮಾಡಬೇಡಿ. ಗೆರೆಯಿಂದ ಗೆರೆಗೆ ಅಳೆದರೆ ಮೂತಿಯಲ್ಲಿ ಉಳಿಯುವ ಅಂಶ ಲೆಕ್ಕ ಕೆಡಿಸುವುದಿಲ್ಲ.

ಕಲಸಲು ನುಣುಪಾದ ಪ್ಲಾಸ್ಟಿಕ್ ಅಥವಾ ಲೋಹದ ಕಡ್ಡಿ ಒಳ್ಳೆಯದು. ಐಸ್‌ಕ್ರೀಂ ಕಡ್ಡಿಯ ರಂಧ್ರಗಳಿಂದ ಗಾಳಿ ಬಿಡುಗಡೆಯಾಗುತ್ತದೆ. ಮೇಣ ಹಚ್ಚಿದ ಕಾಗದದ ಕಪ್ಪೂ ಬೇಡ, ಕೆರೆದಾಗ ಮೇಣ ಬೆರೆಯುತ್ತದೆ. ಇಡ್ಲಿ ಹಿಟ್ಟಿಗೆ ಗಾಳಿ ಸೇರಲೆಂದು ಕೈಯಾಡಿಸುತ್ತೇವೆ. ಇಲ್ಲಿ ಅದಕ್ಕೆ ತದ್ವಿರುದ್ಧ: ಕಡ್ಡಿಯನ್ನು ಮೇಲೆತ್ತದೆ, ನಿಧಾನವಾಗಿ, ಗಡಿಯಾರ ನೋಡಿಕೊಂಡು 4 ನಿಮಿಷ. ಕಪ್ಪಿನ ಗೋಡೆ, ತಳದ ಮೂಲೆ, ಕಡ್ಡಿಯ ಬೆನ್ನು ಇವನ್ನು ನಡುನಡುವೆ ಸವರಿ ಸೇರಿಸುತ್ತಿರಿ. ಮೊದಲು ಕೂದಲೆಳೆಯಂಥ ಗೆರೆಗಳು ಹರಿದಾಡುತ್ತವೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಗೆರೆ ಮಾಯವಾದ ಕೂಡಲೇ ನಿಲ್ಲಿಸಬೇಡಿ, ಇನ್ನೊಂದು ನಿಮಿಷ ಕಲಸಿ.

ಆಮೇಲೆ ಅಲ್ಯೂಮಿನಿಯಂ ಫಾಯಿಲ್ ಮೇಲೆ ತೆಳ್ಳಗೆ ಸುರಿಯಿರಿ. ಕಪ್ಪಿನಲ್ಲಿ ಒಟ್ಟಿಗಿದ್ದರೆ ಅದರದ್ದೇ ಬಿಸಿ ಅದನ್ನು ಬೇಗ ಮಂದ ಮಾಡುತ್ತದೆ. ಹರಡಿದಾಗ ಬಿಸಿ ಆರುತ್ತದೆ, ಗುಳ್ಳೆಗಳೂ ಒಡೆಯುತ್ತವೆ, ಬ್ರಷ್ ಆಡಿಸಲು ಇನ್ನಷ್ಟು ಸಮಯ ಸಿಗುತ್ತದೆ. ಸುರಿದ ಮೇಲೆ ಕಪ್ಪಿನ ಗೋಡೆಗೆ ಅಂಟಿದ್ದನ್ನು ಕೆರೆದು ಸೇರಿಸಬೇಡಿ, ಸರಿಯಾಗಿ ಬೆರೆಯದ ಅಂಶ ಅಲ್ಲೇ ಇರುತ್ತದೆ.

ಬೆಂಗಳೂರಿನ ಹವೆ ಈ ಕೆಲಸಕ್ಕೆ ವರ್ಷದ ಬಹುಪಾಲು ಒಳ್ಳೆಯದೇ, ಕೋಣೆಯಲ್ಲಿ 22ರಿಂದ 26 ಡಿಗ್ರಿ ಇದ್ದರೆ ಸೊಗಸು. ಡಿಸೆಂಬರ್, ಜನವರಿಯ ರಾತ್ರಿ 15-16ಕ್ಕೆ ಇಳಿದಾಗ ಗಟ್ಟಿಯಾಗುವುದು ನಿಧಾನ, ರೆಸಿನ್ ಹಳೆ ಜೇನಿನಂತೆ ಹರಳುಗಟ್ಟಲೂಬಹುದು. ಆಗ ಮುಚ್ಚಿದ ಬಾಟಲಿಯನ್ನು 50 ಡಿಗ್ರಿಯ ನೀರಿನಲ್ಲಿ ತಿಳಿಯಾಗುವವರೆಗೆ ಇಟ್ಟು, ಆರಿದ ಮೇಲೆ ಅಳೆಯಿರಿ. ಏಪ್ರಿಲ್‌ನ ಮಧ್ಯಾಹ್ನ ಕೆಲಸದ ಸಮಯ ತುಂಬ ಕಡಿಮೆಯಾಗುತ್ತದೆ, ಬೆಳಗಿನ ಹೊತ್ತೇ ವಾಸಿ. ಮಳೆಗಾಲದಲ್ಲಿ ಅಮೈನ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜತೆ ಸೇರಿ ಮೇಲೆ ಮೇಣದಂಥ ಮಂಜು ಕಟ್ಟಬಹುದು. ಅದನ್ನು ಉಗುರುಬೆಚ್ಚನೆ ಸೋಪು ನೀರಿನಲ್ಲಿ ಒರೆಸಿ ಒಣಗಿಸಿದ ಮೇಲೆಯೇ ಎರಡನೇ ಲೇಪ.

ಲೇಪ ಹಚ್ಚಿದ ಕೋಲು ನಿಮಿಷಕ್ಕೆ ಹತ್ತರ ಆಸುಪಾಸು ಸುತ್ತು ತಿರುಗುತ್ತಿರಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ 12 ವೋಲ್ಟ್ ಗೇರ್ ಮೋಟರ್ ಸಾಕು. ಅದನ್ನು ಬ್ಯಾಟರಿಗೂ ಜೋಡಿಸಿಡಿ. ಕರೆಂಟು ಹೋಗಿ ಕೋಲು ನಿಂತರೆ ಲೇಪ ಕೆಳಬದಿಗೆ ಜೋತು ಹನಿಗಟ್ಟುತ್ತದೆ. ಬ್ಯಾಟರಿ ಇಲ್ಲದಿದ್ದರೆ ಒಂದೆರಡು ನಿಮಿಷಕ್ಕೊಮ್ಮೆ ಕೈಯಲ್ಲಿ ಅರ್ಧ ಸುತ್ತು ತಿರುಗಿಸಬೇಕು.

ಅಂಟು ಉಳಿದರೆ ಎಲ್ಲಿ ಉಳಿದಿದೆ ನೋಡಿ. ಕೋಲಿಡೀ ಅಂಟುತ್ತಿದ್ದರೆ ಅಳತೆ ತಪ್ಪಿದೆ. ಅಲ್ಲೊಂದು ಇಲ್ಲೊಂದು ಮಚ್ಚೆಯಾಗಿ ಅಂಟುತ್ತಿದ್ದರೆ ಕಲಸಿದ್ದು ಸಾಲದು. ಬೆರಳಿಗೆ ಬಾರದಷ್ಟು ಕಡಿಮೆ ಅಂಟಿದ್ದರೆ ಸರಿಯಾಗಿ ಕಲಸಿದ ತೆಳು ಲೇಪವೊಂದನ್ನು ಮೇಲೆ ಹಚ್ಚಿದರೆ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಬೆರಳಿಗೆ ಮೆತ್ತಿಕೊಳ್ಳುವಂತಿದ್ದರೆ ತೆಗೆದು ಹೊಸದಾಗಿ ಸುತ್ತಬೇಕು. ಇದಿಷ್ಟೂ ಕೆಲಸಕ್ಕೆ ನೈಟ್ರೈಲ್ ಕೈಗವಸು ಕಡ್ಡಾಯ. ಹಾರ್ಡ್ನರ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿ ಒಮ್ಮೆ ಅಲರ್ಜಿ ಶುರುವಾದರೆ ಮತ್ತೆ ಹೋಗುವುದು ಕಷ್ಟ. ಕೈಗೆ ತಾಗಿದರೆ ಸೋಪು ನೀರು ಹಾಕಿ ತೊಳೆಯಿರಿ, ಥಿನ್ನರ್ ಬೇಡ.

ಎರಡನೇ ಲೇಪಕ್ಕೆ 24 ಗಂಟೆ ಕಾಯಿರಿ. ಮುಟ್ಟಿದರೆ ಗಟ್ಟಿ ಅನ್ನಿಸಿದರೂ ಪೂರ್ತಿ ಬಲ ಬರಲು ಸುಮಾರು ಒಂದು ವಾರ ಬೇಕು. ಅಲ್ಲಿಯವರೆಗೆ ಕೋಲನ್ನು ಬಗ್ಗಿಸಬೇಡಿ, ಚೀಲಕ್ಕೂ ಹಾಕಬೇಡಿ.