ಟ್ರೇಲ್ ಆಕ್ಸೆಸ್: ಕಾಡುದಾರಿಯಲ್ಲಿ ಸೈಕಲ್‌ಗೆ ಎಷ್ಟು ಜಾಗ?

ಸರ್ಕಾರಿ ಕಾಡು, ಪಾರ್ಕು, ಜಲಮಂಡಳಿ ಜಮೀನು ಇಂಥ ಕಡೆ ಇರುವ ಕಾಲುದಾರಿಗಳಲ್ಲಿ ಸೈಕಲ್ ಓಡಿಸಲು ಸಿಗುವ ಅನುಮತಿಗೆ ಮೌಂಟನ್ ಬೈಕ್ (ಬೆಟ್ಟದ ಮಣ್ಣುದಾರಿಗೆಂದೇ ಮಾಡಿದ ಸೈಕಲ್) ಮಂದಿ ‘ಟ್ರೇಲ್ ಆಕ್ಸೆಸ್’ ಅನ್ನುತ್ತಾರೆ. ಆ ಅನುಮತಿ ಕೇಳುವುದು, ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು ‘ಟ್ರೇಲ್ ಅಡ್ವೊಕೆಸಿ’. ಎರಡೂ ಜಾಸ್ತಿ ಕೇಳಿಬರುವುದು ಅಮೆರಿಕದಲ್ಲಿ.

ಅಲ್ಲಿ ಈ ಆಟ ಹುಟ್ಟಿದ ಊರಲ್ಲೇ ಜಗಳವೂ ಹುಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮತ್ತವರ ಗೆಳೆಯರು ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಬೆಟ್ಟದಿಂದ ಕೆಳಕ್ಕೆ ಬಿಡುತ್ತಿದ್ದರು. 1976ರಲ್ಲಿ ಶುರುವಾದ ಅವರ ರೇಸಿನ ಹೆಸರು ‘ರೀಪ್ಯಾಕ್’. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಹಿಂದಿನ ಚಕ್ರದ ನಡುವಿನ ಗುಂಬ, ಅಂದರೆ ‘ಹಬ್’ ಒಳಗಿರುತ್ತಿತ್ತು. ಇಳಿಜಾರು ಮುಗಿಯುವಷ್ಟರಲ್ಲಿ ಹಬ್ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ಹೆಸರು.

ಹತ್ತಾರು ಜನ ಇದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1980ರ ದಶಕದಲ್ಲಿ ಕಾರ್ಖಾನೆಯ ಮೌಂಟನ್ ಬೈಕುಗಳು ಅಂಗಡಿಗೆ ಬಂದ ಮೇಲೆ ನಡೆಯುವವರು, ಕುದುರೆ ಸವಾರರು ದೂರು ಕೊಟ್ಟರು. ಮರಿನ್‌ನ ಟ್ಯಾಮಲ್ಪಾಯಸ್ ಬೆಟ್ಟದಲ್ಲಿ ಬೆಂಕಿ ನಂದಿಸುವ ವಾಹನಗಳಿಗೆಂದು ಮಾಡಿದ ಅಗಲ ದಾರಿಗಳಷ್ಟೇ ಸೈಕಲ್‌ಗೆ ಉಳಿದವು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಕಿರಿದಾದ ‘ಸಿಂಗಲ್‌ಟ್ರ್ಯಾಕ್’ ಬಹುಪಾಲು ಬಂದ್. ಅಗಲ ದಾರಿಯಲ್ಲೂ ಗಂಟೆಗೆ 15 ಮೈಲಿ, ಎದುರು ಕಾಣದ ತಿರುವಿನಲ್ಲಿ 5 ಮೈಲಿ ಮಿತಿ.

ಇಂಥ ಬಂದ್‌ಗಳನ್ನು ಎದುರಿಸಲೆಂದೇ ಕ್ಯಾಲಿಫೋರ್ನಿಯಾದ ಕ್ಲಬ್ಬುಗಳು ಸೇರಿ 1988ರಲ್ಲಿ ‘ಇಂಬಾ’ ಕಟ್ಟಿದವು. ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ ಅನ್ನುವುದು ಪೂರ್ತಿ ಹೆಸರು.

ಆಕ್ಸೆಸ್ ಅಂದರೆ ಪೂರ್ತಿ ಬಾಗಿಲು ತೆಗೆಯುವುದು ಇಲ್ಲವೇ ಪೂರ್ತಿ ಮುಚ್ಚುವುದು ಅಂತೇನಿಲ್ಲ. ಸಾಲ್ಟ್ ಲೇಕ್ ಸಿಟಿ ಹತ್ತಿರದ ಮಿಲ್‌ಕ್ರೀಕ್ ಕಣಿವೆಯ ಮೇಲ್ಭಾಗದಲ್ಲಿ ತಿಂಗಳ ಸಮ ತಾರೀಖುಗಳಂದು ಮಾತ್ರ ಸೈಕಲ್ ಬಿಡುತ್ತಾರೆ. ಬೆಸ ತಾರೀಖುಗಳಂದು ನಾಯಿಗಳನ್ನು ಹಗ್ಗವಿಲ್ಲದೆ ಓಡಾಡಿಸಬಹುದು. ಕೇಳಲು ತಮಾಷೆ, ಆದರೆ ಎರಡು ಗುಂಪಿಗೂ ಇದು ಒಪ್ಪುವಂಥ ರಾಜಿಯೇ.

ರಾಜಿಗೆ ಬಗ್ಗದಿರುವುದು 1964ರ ವೈಲ್ಡರ್ನೆಸ್ ಕಾಯ್ದೆ. ಆ ಕಾಯ್ದೆಯಡಿ ಕಾಯ್ದಿಟ್ಟ ಕಾಡಿನೊಳಗೆ ಮೋಟಾರು ವಾಹನ ಮಾತ್ರವಲ್ಲ, ಯಾವುದೇ ಯಾಂತ್ರಿಕ ಸಾರಿಗೆಯೂ ಕೂಡದು. ಸೈಕಲ್ ಯಂತ್ರವೋ ಅಲ್ಲವೋ? ತುಳಿಯುವುದು ಮನುಷ್ಯನ ಕಾಲು, ಆಗ ಮೌಂಟನ್ ಬೈಕ್ ಅನ್ನುವುದೇ ಇರಲಿಲ್ಲ ಅನ್ನುತ್ತಾರೆ ಸವಾರರು. ಚೈನು, ಗೇರು ಇದ್ದ ಮೇಲೆ ಯಂತ್ರವೇ ಅನ್ನುತ್ತಾರೆ ವಿರೋಧಿಗಳು. 1984ರಲ್ಲಿ ಅಮೆರಿಕದ ಅರಣ್ಯ ಸೇವೆ ಸೈಕಲ್ಲೂ ಕೂಡದು ಅಂತ ನಿಯಮದಲ್ಲೇ ಬರೆಯಿತು. ಕಾಯ್ದೆಯನ್ನೇ ತಿದ್ದಿಸಬೇಕು ಅನ್ನುವ ಗುಂಪು ಈಗ ಇದೆ. ಇಂಬಾ ಮಾತ್ರ ಅದಕ್ಕೆ ಕೈಜೋಡಿಸಿಲ್ಲ. ನನಗಂತೂ ಅದು ಜಾಣತನ ಅನ್ನಿಸುತ್ತೆ. ಪರಿಸರದವರನ್ನು ಎದುರು ಹಾಕಿಕೊಂಡರೆ ಉಳಿದ ದಾರಿಗಳಿಗೂ ಸಂಚಕಾರ.

ಅಡ್ವೊಕೆಸಿಯಲ್ಲಿ ಭಾಷಣ ಕಮ್ಮಿ, ಗುದ್ದಲಿ ಕೆಲಸ ಜಾಸ್ತಿ. ಶನಿವಾರ ಬೆಳಿಗ್ಗೆ ಕ್ಲಬ್ಬಿನವರು ಗುದ್ದಲಿ, ರೇಕು ಹಿಡಿದು ಬರುತ್ತಾರೆ. ದಾರಿ ಹಾಳಾಗುವುದು ಮುಖ್ಯವಾಗಿ ನೀರಿನಿಂದ. ಇಳಿಜಾರಿನಲ್ಲಿ ನೇರ ಕೆಳಕ್ಕೆ ದಾರಿ ಹಾಕಿದರೆ ಒಂದು ಮಳೆಗಾಲದಲ್ಲಿ ಅದು ಕಾಲುವೆಯಾಗುತ್ತದೆ. ಹಾಗಾಗಿ ಗುಡ್ಡದ ಮೈಗೆ ಅಡ್ಡಡ್ಡ ದಾರಿ ಕಡಿಯುತ್ತಾರೆ, ದಾರಿಯ ಹೊರ ಅಂಚನ್ನು ಚೂರು ತಗ್ಗಿಸುತ್ತಾರೆ. ನೀರು ದಾರಿಗುಂಟ ಹರಿಯದೆ ಅಡ್ಡ ದಾಟಿ ಇಳಿದುಹೋಗುತ್ತದೆ. ಗುಡ್ಡದ ಇಳಿಜಾರು ಶೇ. 20 ಇದ್ದರೆ ದಾರಿಯ ಏರು ಶೇ. 10 ದಾಟಬಾರದು. ಇದಕ್ಕೆ ‘ಅರ್ಧದ ಲೆಕ್ಕ’ ಅನ್ನುತ್ತಾರೆ. ಇಷ್ಟು ಮಾಡಿ ತೋರಿಸಿದವರು ಮೀಟಿಂಗಿನಲ್ಲಿ ಬಾಯಿ ತೆರೆದರೆ ಅಧಿಕಾರಿಗಳು ಕೇಳುತ್ತಾರೆ.

ಸೈಕಲ್ ಮಣ್ಣು ಕೀಳುತ್ತದೆ ಅನ್ನುವ ಆರೋಪಕ್ಕೆ ಸವಾರರು ಮೊಂಟಾನಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವನ್ನು ಮುಂದಿಡುತ್ತಾರೆ. ಚಕ್ರಗಳಿಗಿಂತ ಗೊರಸು, ಪಾದಗಳೇ ಹೆಚ್ಚು ಮಣ್ಣು ಸಡಿಲಿಸುತ್ತವೆ ಅನ್ನುತ್ತದೆ ಅದು. ಸರಿ, ಒಪ್ಪೋಣ. ಆದರೆ ಎಪ್ಪತ್ತು ದಾಟಿದ ಅಜ್ಜಿಯ ಬೆನ್ನ ಹಿಂದಿನಿಂದ ಭರ್ರನೆ ಸೈಕಲ್ ಬಂದಾಗ ಅವರ ಎದೆ ಧಸಕ್ಕೆನ್ನುವುದನ್ನು ಯಾವ ಅಧ್ಯಯನ ತಪ್ಪಿಸುತ್ತೆ?

ಬ್ರಿಟನ್ನಿನ ಕಥೆ ಬೇರೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ಓಡಾಡುವವರಿಗೆಲ್ಲ ಹಕ್ಕು ಕೊಟ್ಟಿದೆ, ಸೈಕಲ್ಲಿಗೂ. ಇಂಗ್ಲೆಂಡಿನಲ್ಲಿ ಕುದುರೆ ದಾರಿಗಳಲ್ಲಿ 1968ರಿಂದ ಅವಕಾಶವಿದೆ, ಕಾಲುದಾರಿಗಳಲ್ಲಿ ಅಂಥ ಹಕ್ಕಿಲ್ಲ.

ಈಗಿನ ಹೊಸ ತಲೆನೋವು ಬ್ಯಾಟರಿ ಸೈಕಲ್. ಅದು ಬೇಡ ಅನ್ನುವವರಲ್ಲಿ ಹಳೇ ಮೌಂಟನ್ ಬೈಕ್ ಸವಾರರೂ ಇದ್ದಾರೆ, ನೋಡಿ!

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಇರುವ ಕನ್ನಡಿಗರು ವಾರಾಂತ್ಯಕ್ಕೆ ಸೈಕಲ್ ಹೊರಡಿಸುವ ಮುಂಚೆ ದಾರಿ ಶುರುವಾಗುವಲ್ಲಿ ಹಾಕಿರುವ ಬೋರ್ಡು ಓದಿ. ಹಳದಿ ತ್ರಿಕೋನ ಕಂಡರೆ ಅರ್ಥ ಇಷ್ಟೇ: ಸೈಕಲ್ಲಿನವರು ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ಕುದುರೆ ಎದುರಾದರೆ ಇಳಿದು ನಿಂತು, ಮೆಲ್ಲಗೆ ಮಾತಾಡಿಸಿ. ಮಾತು ಕೇಳಿದರೆ ಅದಕ್ಕೆ ನೀವು ಮನುಷ್ಯರು ಅಂತ ಗೊತ್ತಾಗುತ್ತೆ, ಬೆದರುವುದಿಲ್ಲ.