ಓದುಗರ ಪ್ರಶ್ನೆ: ಹಾಲೋ ಬ್ಲಾಕ್ ಕಾಂಪೌಂಡಿಗೆ ಮರದ ಗೇಟು ಕೂರಿಸಲು ಎಷ್ಟು ದಪ್ಪದ ಬೋಲ್ಟ್ ಬೇಕು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಇನ್ನೊಮ್ಮೆ ಬರೆಯುತ್ತೇನೆ, ಯಾಕೆಂದರೆ ತಪ್ಪು ಪ್ರಶ್ನೆಯಲ್ಲೇ ಇದೆ. ಎಲ್ಲರೂ ಕೇಳೋದು ಬೋಲ್ಟಿನ ದಪ್ಪವನ್ನು. ಅದು ಯಾವುದನ್ನು ಹಿಡಿದುಕೊಳ್ಳಬೇಕು ಅಂತ ಯಾರೂ ಕೇಳುವುದಿಲ್ಲ.

ದಪ್ಪ ಆಂಕರ್ ಬೋಲ್ಟ್ ಹಾಕಿದಷ್ಟೂ ಗೇಟು ಗಟ್ಟಿ ಅನ್ನುವ ನಂಬಿಕೆ ಹಾಲೋ ಬ್ಲಾಕಿನ ಮಟ್ಟಿಗೆ ಪೂರ್ತಿ ತಪ್ಪು. ಆಂಕರ್ ಬೋಲ್ಟ್ ಹಿಡಿಯೋದು ಹೇಗೆ ನೋಡಿ. ನಟ್ ಬಿಗಿ ಮಾಡಿದ ಹಾಗೆ ಅದರ ಹಿಂತುದಿ ಅರಳಿಕೊಂಡು ಸುತ್ತಲಿನ ಕಾಂಕ್ರೀಟನ್ನು ಒತ್ತುತ್ತದೆ. ಆ ಒತ್ತಡವೇ ಅದರ ಹಿಡಿತ. ಕಾಲಂ, ಬೀಮುಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹಾಲೋ ಬ್ಲಾಕಿನ ಮುಖ ಇರೋದೇ ಒಂದು, ಒಂದೂಕಾಲು ಇಂಚು ದಪ್ಪ. ಅದರ ಹಿಂದೆ ಬರೀ ಟೊಳ್ಳು. ಬೋಲ್ಟು ಅರಳಿಕೊಳ್ಳುವುದು ಆ ಖಾಲಿ ಜಾಗದಲ್ಲಿ, ಇಲ್ಲವೇ ಆ ತೆಳು ಮುಖವನ್ನೇ ಒಳಗಿನಿಂದ ಸೀಳುತ್ತದೆ. ದಪ್ಪ ಬೋಲ್ಟಿಗೆ ದೊಡ್ಡ ತೂತು, ಜಾಸ್ತಿ ಒತ್ತಡ. ಅಂದರೆ ಬಿರುಕು ಇನ್ನೂ ಬೇಗ. ಸಾಲದ್ದಕ್ಕೆ ಡ್ರಿಲ್ಲನ್ನು ಹ್ಯಾಮರ್‌ಗೆ ಇಟ್ಟು ಕೊರೆಯುತ್ತಾರೆ. ಹೊರಗೆ ತೂತು ದುಂಡಗೆ ಕಾಣುತ್ತದೆ, ಒಳಗೆ ಚಕ್ಕೆ ಎದ್ದು ಹೋಗಿರುತ್ತದೆ.

"ನಮ್ಮದು ಹಾಕಿ ಮೂರು ತಿಂಗಳಾಯ್ತು, ಅಲುಗಾಡಿಲ್ಲ" ಅನ್ನುವವರಿಗೆ ಒಂದು ಲೆಕ್ಕ. ಗೇಟಿನ ತೂಕ 40 ಕೆಜಿ, ಅಗಲ 3 ಅಡಿ, ಎರಡು ಹಿಂಜಸ್ ನಡುವೆ 3 ಅಡಿ ಅಂತ ಇಟ್ಟುಕೊಳ್ಳಿ. ಮೇಲಿನ ಹಿಂಜಸ್ಸನ್ನು ಗೇಟು ಹಗಲೂ ರಾತ್ರಿ ಸುಮಾರು 20 ಕೆಜಿ ಬಲದಿಂದ ಗೋಡೆಯಿಂದ ಹೊರಕ್ಕೆ ಎಳೆಯುತ್ತಿರುತ್ತದೆ. 25 ಕೆಜಿಯ ಮಗು ಗೇಟಿನ ತುದಿಗೆ ಜೋತುಬಿದ್ದರೆ ಆ ಎಳೆತ 45 ಆಗುತ್ತದೆ. ಗಾಳಿಗೆ ಗೇಟು ಧಡಾರ್ ಅಂತ ಬಡಿದಾಗ ಇನ್ನೂ ಜಾಸ್ತಿ. ಒಂದೇ ಏಟಿಗೆ ಬೋಲ್ಟು ಕಿತ್ತು ಬರುವುದಿಲ್ಲ, ದಿನಾ ಒಂಚೂರು ಸಡಿಲವಾಗುತ್ತದೆ. ಹಾಗೆ ಸಡಿಲವಾದ ಒಂದು ಗೇಟು ನೋಡಲು ಹೋಗಿದ್ದೆ. ಅದು ನೆಲಕ್ಕೆ ತಾಗಿ ತಾಗಿ ಸಿಮೆಂಟಿನ ಮೇಲೆ ಬಿಲ್ಲಿನಾಕಾರದ ಗೀರು ಬಿದ್ದಿತ್ತು. 12 ಎಂಎಂ ಬೋಲ್ಟನ್ನು ಕೈಯಲ್ಲಿ ಹಿಡಿದು ಎಳೆದೆ. ತಟ್ಟೆಯಗಲ ಬ್ಲಾಕಿನ ಚಕ್ಕೆಯ ಸಮೇತ ಈಚೆ ಬಂತು. ಬೋಲ್ಟಿಗೆ ಏನೂ ಆಗಿರಲಿಲ್ಲ!

ಹಾಗಾದರೆ ಏನು ಮಾಡಬೇಕು? ಹಿಂಜಸ್ ಬರುವ ಕಡೆ ಬ್ಲಾಕಿನ ಮುಖ ಒಡೆದು, ಟೊಳ್ಳಿನಲ್ಲಿ ಕಬ್ಬಿಣದ ಹೋಲ್ಡ್‌ಫಾಸ್ಟ್ (ಹಿಂಜಸ್ ಕೂರಿಸಲು ಗೋಡೆಯೊಳಗೆ ಹೂತಿಡುವ ಪಟ್ಟಿ) ಇಟ್ಟು, ಬೇಬಿ ಜೆಲ್ಲಿ, ಅಂದರೆ ಸಣ್ಣ ಜಲ್ಲಿಕಲ್ಲಿನ ಕಾಂಕ್ರೀಟ್ ಗಟ್ಟಿಯಾಗಿ ತುಂಬಿಸಿ. ಏಳು ದಿನ ನೀರು ಹಾಕಿ, ಆಮೇಲೆ ಗೇಟು ತೂಗಿಸಿ. ಗೋಡೆ ಒಡೆಯಲು ಮನಸ್ಸಿಲ್ಲದಿದ್ದರೆ, ಅದರ ಪಕ್ಕದಲ್ಲೇ ಬೇರೆ ಕಂಬ ನೆಡಿ. ಕಬ್ಬಿಣದ ಪೈಪಾಗಲಿ, ಕಲ್ಲುಕಂಬವಾಗಲಿ, ಎರಡಡಿ ಆಳದ ಗುಂಡಿ, ಸುತ್ತ ಕಾಂಕ್ರೀಟ್. ನನ್ನನ್ನು ಕೇಳಿದರೆ ಇದೇ ಒಳ್ಳೆಯದು, ಗೇಟಿನ ಭಾರ ಗೋಡೆಗೆ ತಾಗುವುದೇ ಇಲ್ಲ. ಮಲೆನಾಡಿನ ಉಣುಗೋಲು, ಅಂದರೆ ಅಡ್ಡಗೋಲು ಸರಿಸಿ ದಾಟುವ ಬೇಲಿಬಾಗಿಲು ನೋಡಿದ್ದೀರಲ್ವಾ? ಅದಕ್ಕೆ ಎರಡು ಗಟ್ಟಿ ಕಂಬ ಬೇರೆಯಾಗೇ ನಿಂತಿರುತ್ತವೆ. ಅಡ್ಡಗೋಲುಗಳ ಭಾರವನ್ನು ಬೇಲಿಯ ಮೇಲೆ ಯಾರೂ ಹಾಕುವುದಿಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಕಂಬ ಗಟ್ಟಿಯಾಗಿದ್ದೂ ಗೇಟಿನ ಮೂಲೆ ಜೋತುಬೀಳುವುದುಂಟು. ಆಗ ಹಿಂಜಸ್ ಬೈಯಬೇಡಿ, ಗೇಟಿನ ಹಿಂದಿರುವ ಓರೆಪಟ್ಟಿ ನೋಡಿ. ಮರದ ಪಟ್ಟಿ ಕೆಳಗಿನ ಹಿಂಜಸ್ ಹತ್ತಿರ ಶುರುವಾಗಿ ಚಿಲಕದ ಕಡೆಯ ಮೇಲ್ಮೂಲೆಗೆ ಏರಬೇಕು. ಆಗ ಅದು ಜೋಲುವ ಮೂಲೆಯನ್ನು ಕೆಳಗಿನಿಂದ ಊರುಗೋಲಿನ ಹಾಗೆ ಎತ್ತಿ ಹಿಡಿಯುತ್ತದೆ. ಉಲ್ಟಾ ಹೊಡೆದರೆ ಪಟ್ಟಿಯ ಮೇಲೆ ಎಳೆತ ಬೀಳುತ್ತದೆ, ಮೊಳೆಗಳು ಒಂದೊಂದಾಗಿ ಸಡಿಲವಾಗುತ್ತವೆ. ಪಟ್ಟಿಯ ಬದಲು ತಂತಿ ಕಟ್ಟಿ ಬಿಗಿ ಮಾಡುವುದಾದರೆ ಮಾತ್ರ ದಿಕ್ಕು ಬದಲು: ಮೇಲಿನ ಹಿಂಜಸ್‌ನಿಂದ ಚಿಲಕದ ಕಡೆಯ ಕೆಳಮೂಲೆಗೆ. ಬಡಗಿ ಗೇಟು ತಂದು ಒಪ್ಪಿಸುವಾಗಲೇ ಇದನ್ನು ನೋಡಿಕೊಳ್ಳಿ. ಪೇಂಟ್ ಹೊಡೆಯುವ ಮೊದಲು ಪಟ್ಟಿ ಬಿಚ್ಚಿ ತಿರುಗಿಸೋದು ಅರ್ಧ ಗಂಟೆಯ ಕೆಲಸ.