ಅಂಗನವಾಡಿಗೆ ಇನ್ನೊಬ್ಬರು ಬೇಕು

ರಾಯಚೂರು ಜಿಲ್ಲೆಯ ದೇವದುರ್ಗ, ಮಸ್ಕಿ ಕಡೆ ತಾಯಂದಿರ ಸಭೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಮೇಡಂ, ಅಂಗನವಾಡ್ಯಾಗ ಬರೇ ಆಡಸ್ತಾರ್ರಿ, ಏನೂ ಬರಸೂದಿಲ್ಲ." ಆಮೇಲೆ ಮಗು ವ್ಯಾನ್ ಹತ್ತಿ ಪಕ್ಕದ ಊರಿನ ಎಲ್‌ಕೆಜಿಗೆ ಹೋಗುತ್ತದೆ. ಅಂಗನವಾಡಿ ಟೀಚರ್‌ಗಳಿಗೆ ತರಬೇತಿ ಕೊಡುವ ನನಗೆ ಚಿಂತೆ ಬೇರೆಯೇ. ಎಷ್ಟೋ ಕಡೆ ಆಡಿಸುವುದಕ್ಕೂ ಟೀಚರ್‌ಗೆ ಪುರುಸೊತ್ತಿಲ್ಲ.

ತೂಕ ನೋಡಬೇಕು, ಮೊಟ್ಟೆ ಲೆಕ್ಕ ಬರೆಯಬೇಕು, ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ತುಂಬಬೇಕು, ಗರ್ಭಿಣಿ, ಬಾಣಂತಿಯರ ಮನೆಗೆ ಹೋಗಬೇಕು. ಸಹಾಯಕಿ ಅಡುಗೆಯಲ್ಲಿರುತ್ತಾರೆ. ಕಥೆ ಹೇಳಲು, ಹಾಡಿಸಲು ಎಷ್ಟು ಹೊತ್ತು ಉಳಿದೀತು?

ಇದಕ್ಕೆ ತಮಿಳುನಾಡಿನಲ್ಲಿ ಒಂದು ಒಳ್ಳೆಯ ಅಧ್ಯಯನ ನಡೆದಿದೆ. 640 ಅಂಗನವಾಡಿಗಳನ್ನು ಆರಿಸಿ, ಲಾಟರಿ ಎತ್ತಿದ ಹಾಗೆ ಅದರಲ್ಲಿ ಅರ್ಧಕ್ಕೆ ಮಾತ್ರ ಇನ್ನೊಬ್ಬರನ್ನು ಕೊಟ್ಟರು. ಅರ್ಧ ದಿನದ ಕೆಲಸ. ಮಕ್ಕಳಿಗೆ ಕಲಿಸುವುದಷ್ಟೇ ಅವರ ಹೊಣೆ. ಅಲ್ಲಿ ಕಲಿಕೆಯ ಹೊತ್ತು ಇಮ್ಮಡಿಯಾಯಿತು. ಒಂದೂವರೆ ವರ್ಷದ ನಂತರ ಲೆಕ್ಕ, ಭಾಷೆ ಎರಡರಲ್ಲೂ ಆ ಮಕ್ಕಳು ಮುಂದಿದ್ದರು. ನನಗೆ ತುಂಬ ಖುಷಿಯಾದದ್ದು ಇನ್ನೊಂದು ವಿಷಯಕ್ಕೆ: ಆ ಕೇಂದ್ರಗಳಲ್ಲಿ ಅಪೌಷ್ಟಿಕತೆಯೂ ಕಡಿಮೆಯಾಯಿತು. ಯಾಕಂದ್ರೆ ಹಳೆಯ ಟೀಚರ್‌ಗೆ ಪೋಷಣೆ, ಆರೋಗ್ಯ ನೋಡಿಕೊಳ್ಳಲು ಕೈ ಬಿಡುವಾಯಿತು.

ಅಂಗನವಾಡಿ ಟೀಚರ್‌ಗೆ ಪುರುಸೊತ್ತಿಲ್ಲ ಅಂದ್ರೆ ಎಲ್‌ಕೆಜಿಯೇ ವಾಸಿ ಅಲ್ವಾ ಅಂತ ಕೇಳುವವರಿದ್ದಾರೆ. ರಾಜಸ್ಥಾನ, ಅಸ್ಸಾಂ ಮತ್ತು ಅಂದಿನ ಆಂಧ್ರದಲ್ಲಿ ಸಾವಿರಾರು ಮಕ್ಕಳನ್ನು 4ನೇ ವಯಸ್ಸಿನಿಂದ 8ರವರೆಗೆ ಗಮನಿಸಿದ ಅಧ್ಯಯನದ ವರದಿ 2017ರಲ್ಲಿ ಬಂತು. ಖಾಸಗಿ ಶಾಲೆಗಳಲ್ಲಿ ಹೆಚ್ಚಾಗಿ ಒಂದನೇ ತರಗತಿಯ ಪಾಠವನ್ನೇ ಮೊದಲೇ ಬರೆಸುತ್ತಿದ್ದರು, ಉರು ಹೊಡೆಸುತ್ತಿದ್ದರು. ಅಂಗನವಾಡಿಯಲ್ಲಿ ಕಲಿಕೆಯೇ ಕಡಿಮೆ. ಎರಡೂ ಕಡೆಯ ಬಹಳಷ್ಟು ಮಕ್ಕಳು ಶಾಲೆಗೆ ತಯಾರಾಗಿರಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಹಂತ ಮಾಡಿ ಆಟದ ಕಲಿಕೆಗೆ ಒತ್ತು ಕೊಟ್ಟಿದೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟಿಸಿದರು. ಮಕ್ಕಳು ಅತ್ತ ಹೋದರೆ ಅಂಗನವಾಡಿ ಖಾಲಿಯಾದೀತು ಎಂಬ ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಬಾಗಿಲ ಮೇಲಿನ ಬೋರ್ಡ್ ಯಾವುದೇ ಇರಲಿ, ಮಗುವಿನ ಜೊತೆ ಕೂತು ಮಾತಾಡುವವರು ಯಾರು ಎಂಬ ಪ್ರಶ್ನೆ ಎರಡೂ ಕಡೆ ಇದೆ.

ಮೂರು ವರ್ಷದೊಳಗಿನ ಮಕ್ಕಳ ಬಗ್ಗೆಯಂತೂ ಯಾರೂ ಮಾತೇ ಎತ್ತುವುದಿಲ್ಲ. ಜಮೈಕಾದಲ್ಲಿ 1980ರ ದಶಕದಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಕೂಸುಗಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ, ಒಂದು ತಾಸು ಹೋಗುತ್ತಿದ್ದರು. ಕೂಸಿನ ಜೊತೆ ಹೇಗೆ ಆಡಬೇಕು, ಮಾತಾಡಬೇಕು ಅಂತ ತಾಯಿಗೆ ತೋರಿಸಿಕೊಟ್ಟರು. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷದ ನಂತರ ಆ ಮಕ್ಕಳು, ಈ ನೆರವು ಸಿಗದ ಅಂಥದೇ ಮಕ್ಕಳಿಗಿಂತ ಶೇ 25ರಷ್ಟು ಜಾಸ್ತಿ ದುಡಿಯುತ್ತಿದ್ದರು. ನಮ್ಮಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಶುರುಮಾಡಿದ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳಿವೆ. ಅಲ್ಲಿ ಮಲಗಿಸಿ ಉಣಿಸಿದರೆ ಸಾಲದು, ಇಂಥ ಆಟವೂ ಬೇಕು. ಬೆಂಗಳೂರಿಗೆ ಗುಳೆ ಹೋದ ಮನೆಯ ಕೂಸಿಗೆ ಕಟ್ಟಡದ ಕೆಲಸ ನಡೆಯುವ ಜಾಗದಲ್ಲೂ ಇದು ಸಿಗಬೇಕು.

ತಮಿಳುನಾಡಿನ ಪ್ರಯೋಗವನ್ನು ಮೊದಲು ನಮ್ಮ ಲಂಬಾಣಿ ತಾಂಡಾಗಳಲ್ಲಿ ಮಾಡಿ ಎಂಬುದು ನನ್ನ ಬೇಡಿಕೆ. ತಾಂಡಾದಲ್ಲೇ ಪಿಯುಸಿ ಮುಗಿಸಿದ ಹೆಣ್ಣುಮಗಳನ್ನು ತೆಗೆದುಕೊಳ್ಳಿ. ಲಂಬಾಣಿಯಲ್ಲಿ ಕಥೆ ಹೇಳುತ್ತಾ ಮೆಲ್ಲಗೆ ಕನ್ನಡಕ್ಕೆ ಕರೆತರುವುದು ಆಕೆಗೆ ಸುಲಭ. ತರಬೇತಿಗೆ ನಾವಿದ್ದೇವೆ. ಆದರೆ ಆಕೆಯ ಕೈಗೆ ರಿಜಿಸ್ಟರ್ ಕೊಡಬೇಡಿ.